ಟೋಕಿಯೊದಲ್ಲಿ ಟವೆಲಿನ ಸೌದಾ

ಹುಮನಾಬಾದ್

ಜಪಾನಿಗೆ ಹೋಗಿ ಬಂದಮೇಲೆ ನನ್ನ ಅಂಗಡಿಗೆ ತೊಗರಿ ತರುವವರು, ಒಯ್ಯುವವರು, ಸುಮ್ಮನೆ ಚಹಾ ಕುಡಿಯಲು ಬರುವವರು, ಎಲ್ಲರೂ ತೂಕಕ್ಕಿಂತ ಮೊದಲು ಅಲ್ಲಿಯ ಸುದ್ದಿಯನ್ನೇ ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳುತ್ತ ಕೂತರೆ ತಕ್ಕಡಿಗೆ ಜೇಡ ಬಲೆ ಕಟ್ಟುತ್ತದೆ. ಅದಕ್ಕೇ ಒಮ್ಮೆ ಬರೆದುಬಿಡೋಣ ಅಂತ ಗಾದಿಯ ಮೇಲೆ ಕೂತಿದ್ದೇನೆ. ಖರ್ಚೆಷ್ಟಾಯಿತು ಅಂತ ಮಾತ್ರ ಕೇಳಬೇಡಿ. ಕಂಡದ್ದನ್ನು ಹೇಳುತ್ತೇನೆ. ನಡುನಡುವೆ ಬರುವ ಸಲಹೆಗಳು ಪುಕ್ಕಟೆ.

ಹೋದದ್ದು ಭಾವ ಶರಣಪ್ಪನವರ ಸಲುವಾಗಿ. ಅವರು ರಾಜೇಶ್ವರದವರು, ನಮ್ಮಕ್ಕ ನೀಲಮ್ಮನ ಗಂಡ, ಎತ್ತಿನ ದಲಾಲಿ. ನಮ್ಮ ಕಡೆಯ ದನದ ಬಜಾರು ನೋಡದವರಿಗೆ ಒಂದು ಮಾತು ಹೇಳಬೇಕು. ಅಲ್ಲಿ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ದಲಾಲಿ ಹೆಗಲ ಮೇಲಿನ ಟವೆಲು ತೆಗೆದು ಕೈಮೇಲೆ ಹಾಸಿ, ಅದರ ಕೆಳಗೆ ಎದುರಿನವನ ಬೆರಳು ಹಿಡಿಯುತ್ತಾನೆ. ಹಿಡಿದ ಬೆರಳುಗಳೇ ಬೆಲೆ. ಸುತ್ತ ಎಷ್ಟು ಮಂದಿ ಕತ್ತು ಚಾಚಿ ನಿಂತರೂ ಅಂಕಿ ಗೊತ್ತಾಗುವುದು ಇಬ್ಬರಿಗೇ. ಸೌದಾ ಮುಗಿದ ಮೇಲೂ ದಲಾಲಿ ಅದನ್ನು ಹೊರಗೆ ಆಡುವ ಹಾಗಿಲ್ಲ. ಭಾವ ಈ ವಿಷಯದಲ್ಲಿ ಎಷ್ಟು ಬಿಗಿಯೆಂದರೆ, ನನ್ನ ಎತ್ತು ಎಷ್ಟಕ್ಕೆ ಹೋಯಿತು ಅಂತ ನನಗೇ ಸರಿಯಾಗಿ ಹೇಳಿದವರಲ್ಲ.

ಇಂಥವರಿಗೆ ಕೆಮ್ಮು ಹತ್ತಿತು, ಕೆಮ್ಮಿನಲ್ಲಿ ರಕ್ತ ಬಂತು. ಹೈದರಾಬಾದಿನ ಡಾಕ್ಟರು ಪುಪ್ಪುಸದ ಕೊಳವೆಯೊಳಗೆ ಸಣ್ಣದೊಂದು ಗಂಟಿದೆ ಅಂದರು. ಕ್ಯಾನ್ಸರು. ಕೊಯ್ದು ತೆಗೆಯೋಣವೆಂದರೆ ಬೀಡಿ ಸೇದಿ ಸೇದಿ ಪುಪ್ಪುಸ ಅಷ್ಟು ತಾಳುವ ಸ್ಥಿತಿಯಲ್ಲಿಲ್ಲ. ಟೋಕಿಯೊದಲ್ಲಿ ಒಬ್ಬ ಪ್ರೊಫೆಸರು ಇಂಥ ಸಣ್ಣ ಗಂಟನ್ನು ಬೆಳಕಿನಿಂದ ಸುಡುತ್ತಾರಂತೆ. ನನ್ನ ಶಿಷ್ಯ ಇಮ್ತಿಯಾಜ್ ಅಲ್ಲೇ ಕಲಿಯುತ್ತಿದ್ದಾನೆ, ಬರೆದು ಕೇಳುತ್ತೇನೆ ಅಂದರು. ಕೇಳಿದರು, ಒಪ್ಪಿಗೆ ಬಂತು.

ಹೊರಡುವಾಗ ಅಕ್ಕ ನನ್ನನ್ನು ಅಡಿಗೆಮನೆಗೆ ಕರೆದಳು.

“ಗುರಪ್ಪಾ, ನೀ ಎಲ್ಲಿ ಹೋದ್ರೂ ಕಡಿಮಿ ಮಾಡ್ರಿ, ಕಡಿಮಿ ಮಾಡ್ರಿ ಅಂತೀದಿ. ಅಲ್ಲಿ ಹಾಂಗ ಅನಬ್ಯಾಡ. ಇವ್ರನ್ನ ಪೂರಾ ವಾಪಸ್ ತರಬೇಕು ನೋಡು.”

ಹೂಂ ಅಂದೆ. ವ್ಯಾಪಾರಕ್ಕೆ ನಿಂತಮೇಲೆ ನಾನು ಒಂದು ಮಾತೂ ಎದುರಾಡದೆ ಒಪ್ಪಿದ ಸೌದಾ ಅದೊಂದೇ.

ಟೋಕಿಯೊ ವಿಮಾನ ನಿಲ್ದಾಣ

ಅಕ್ಕ ಒಂದು ಪೆಟ್ಟಿಗೆಯ ತುಂಬ ಕಟಕ ರೊಟ್ಟಿ, ಶೇಂಗಾ ಹಿಂಡಿ ತುಂಬಿ ಕಳಿಸಿದ್ದಳು. ಸುಂಕದ ಅಧಿಕಾರಿ ಪೆಟ್ಟಿಗೆ ತೆರೆಸಿದ. ಎಲ್ಲ ರೊಟ್ಟಿಯೂ ಒಂದೇ ಅಳತೆ, ಒಂದರ ಮೇಲೊಂದು. ಆತ ಒಂದನ್ನು ಮೇಲೆತ್ತಿ ಬೆರಳಿನಿಂದ ತಟ್ಟಿದ. ಟಕಟಕ ಅಂತು. ಬಗ್ಗಿಸಿ ನೋಡಿದ. ಲಟ್ಟೆಂದು ಮುರಿಯಿತು.

ಆ ಮನುಷ್ಯನ ಮುಖ ನೋಡಬೇಕಿತ್ತು. ನಮ್ಮ ಮನೆಯ ಹಳೆಯ ಪಾತ್ರೆಯೊಂದನ್ನು ಒಡೆದುಬಿಟ್ಟೆ ಅಂದುಕೊಂಡನೋ ಏನೋ, ಸೊಂಟದ ತನಕ ಬಾಗಿದ, ಮತ್ತೆ ಬಾಗಿದ. ಎರಡು ತುಂಡನ್ನೂ ಜೋಡಿಸಿ ಇಟ್ಟು ಕಾಗದ ಹೊದಿಸಿದ. ನಮ್ಮಲ್ಲಿ ಚೆಕ್‌ಪೋಸ್ಟಿನವರು ಗಾಡಿಯೇ ಮುರಿದರೂ ಅತ್ತ ತಿರುಗಿ ನೋಡುವುದಿಲ್ಲ.

“ಏ ಸಾವ್ಕಾರ, ಇನ್ನೊಂದು ರೊಟ್ಟಿ ಕೊಡು ಅವನ ಕೈಯಾಗ,” ಅಂದರು ಭಾವ. “ಅವ ಬಗ್ಗೋದು ನೋಡಿದ್ರ ನನ್ನ ಸೊಂಟಕ್ಕ ಹಗುರ ಅನಸ್ತದ.”

ಹೋಗುವವರಿಗೆ ನನ್ನ ಸಲಹೆ: ಕಟಕ ರೊಟ್ಟಿಯನ್ನು ಮುರಿದೇ ಒಯ್ಯಿರಿ. ನೋಡುವವರ ಜೀವಕ್ಕೆ ಸಮಾಧಾನ.

ಆಸ್ಪತ್ರೆ, ಮದ್ದು ಏರಿಸಿದ ದಿನ

ಡಾಕ್ಟರ್ ಇಮ್ತಿಯಾಜರ ನಾನಿಯ, ಅಂದರೆ ತಾಯಿಯ ತಾಯಿಯ, ಊರು ಬೀದರ. ಅವರ ಬಾಯಲ್ಲಿ ನಮ್ಮ ಭಾಷೆ ಕೇಳಿ ಭಾವನ ಅರ್ಧ ಕೆಮ್ಮು ಅಲ್ಲೇ ನಿಂತಿತು. ಪ್ರೊಫೆಸರ್ ಸಾಹೇಬರು ತೆಳ್ಳಗೆ, ಎತ್ತರಕ್ಕೆ ಇದ್ದರು. ಒಂದು ಮಾತು ಆಡುವ ಮೊದಲು ಮೂರು ಮಾತು ನುಂಗುವಂಥವರು. ಅವರು ಹೇಳಿದ್ದನ್ನು ಇಮ್ತಿಯಾಜ್ ನಮ್ಮ ಮಾತಿಗೆ ಇಳಿಸಿದರು.

“ಚಾಚಾ, ಈಗ ನರದಾಗ ಒಂದು ದವಾ ಏರಸ್ತೀವ್ರಿ. ಅದು ಮೈ ತುಂಬಾ ಹೋಗ್ತದ. ಎರಡ್ಮೂರು ದಿನದಾಗ ಬಾಕಿ ಕಡಿಂದ ಬಹಳಷ್ಟು ಇಳೀತದ, ಗಂಟಿನಾಗ ಜಾಸ್ತಿ ಉಳೀತದ. ಆಮ್ಯಾಲ ಕೊಳವಿಯೊಳಗ ಗಾಜಿನ ಎಳಿ ಬಿಟ್ಟು ಕೆಂಪು ಬೆಳಕು ಬಿಡ್ತೀವಿ. ದವಾ ಇದ್ದಲ್ಲಿ ಬೆಳಕು ಬಿದ್ರ ಅದು ಸುಡ್ತದ. ಬರೀ ದವಾ ಏನೂ ಮಾಡಂಗಿಲ್ಲ, ಬರೀ ಬೆಳಕೂ ಏನೂ ಮಾಡಂಗಿಲ್ಲ.”

“ಹಂಗಂದ್ರ ಎತ್ತು ಬ್ಯಾರೆ, ಗಾಡಿ ಬ್ಯಾರೆ. ಹೂಡಿದ್ರ ಅಷ್ಟೇ ಓಡ್ತದ,” ಅಂದರು ಭಾವ.

ಇಮ್ತಿಯಾಜ್ ಅದನ್ನು ಜಪಾನಿಗೆ ಇಳಿಸಿದಾಗ ಪ್ರೊಫೆಸರು ಹೌದೆಂದು ತಲೆಯಾಡಿಸಿದರು. ಮತ್ತೊಂದು ಮಾತು ಹೇಳಿದರು: ಮದ್ದು ಚರ್ಮದಲ್ಲೂ ಸ್ವಲ್ಪ ಉಳಿಯುತ್ತದೆ. ಆದ್ದರಿಂದ ಒಂದು ತಿಂಗಳಿಗೂ ಹೆಚ್ಚು ದಿನ ಬಿಸಿಲಿಗೆ ಮೈ ಒಡ್ಡುವ ಹಾಗಿಲ್ಲ. ಕಿಟಕಿಗೆ ಪರದೆ, ಹೊರಗೆ ಹೋದರೆ ಟೋಪಿ, ಕೈಗವಸು, ಕರಿ ಕನ್ನಡಕ, ಛತ್ರಿ.

ಛತ್ರಿ ಕೊಳ್ಳಲು ನಾನು ಹೊರಟೆ. ಅಂಗಡಿಯಾಕೆ ಬೆಲೆ ಬರೆದು ತೋರಿಸಿದಳು. ನಾನು ರೂಢಿಯಂತೆ ತಲೆ ಅಲ್ಲಾಡಿಸಿದೆ. ಆಕೆ ಗಾಬರಿಯಾಗಿ ಛತ್ರಿಗೆ ಚೆಂದದ ಕಾಗದ ಸುತ್ತಿದಳು. ಮತ್ತೆ ತಲೆ ಅಲ್ಲಾಡಿಸಿದೆ. ರಿಬ್ಬನ್ನು ಕಟ್ಟಿದಳು. ಎದ್ದು ಹೊರಟಂತೆ ಮಾಡಿದೆ. ನಮ್ಮಲ್ಲಾದರೆ ಇದೇ ಕೊನೆಯ ಬಾಣ, ಬೆಲೆ ಇಳಿಯಲೇಬೇಕು. ಆಕೆ ಓಡಿಬಂದು ಚೀಲವೊಂದಕ್ಕೆ ಹಾಕಿ, ಬಾಗಿಲು ತೆರೆದು ಹಿಡಿದು ಬಾಗಿದಳು. ಬೆಲೆ ಇದ್ದಲ್ಲೇ ಇತ್ತು. ಭಾವ ಆ ಕಟ್ಟು ಬಿಚ್ಚುತ್ತ ಕೇಳಿದರು: “ಛತ್ರಿ ತರಾಕ ಹೋಗಿದ್ಯೋ, ಬೀಗರ ಉಡುಗೊರಿ ತರಾಕ ಹೋಗಿದ್ಯೋ?”

ಪರದೆ ಎಳೆದ ಕೋಣೆಯಲ್ಲಿ ಭಾವನ ಜೊತೆ ಇನ್ನೊಬ್ಬ ಮುದುಕರಿದ್ದರು. ಅವರಿಗೂ ಇದೇ ಬೆಳಕಿನ ಚಿಕಿತ್ಸೆ. ಜೀವಮಾನವೆಲ್ಲ ಅಲ್ಲಿಯ ಮೀನಿನ ಪೇಟೆಯಲ್ಲಿ ಹರಾಜು ಕೂಗಿದವರಂತೆ. ನಾವು ಮೀನಜ್ಜ ಅಂತ ಹೆಸರಿಟ್ಟೆವು. ಒಂದು ದಿನ ಅವರು ತಮ್ಮ ಹರಾಜು ಹೇಗೆ ನಡೆಯುತ್ತಿತ್ತೆಂದು ತೋರಿಸಿದರು. ಕೈ ಮೇಲೆತ್ತಿ ಬೆರಳು ಮಡಚಿ, ಬಿಚ್ಚಿ, ಸರಸರ ಅಂಕಿ ಕಟ್ಟಿದರು.

ಭಾವ ಹಾಸಿಗೆಯಲ್ಲಿ ಎದ್ದು ಕೂತರು. “ಇವರೂ ಬೆರಳಿನವರು! ಆದ್ರ ನೋಡು, ಬಯಲಾಗ ತೋರಸ್ತಾರ. ನಾಚಿಕಿ ಇಲ್ಲ.”

ಅಂದೇ ಮೀನಜ್ಜನ ಕೈ ಎಳೆದುಕೊಂಡು, ಮೇಲೆ ಟವೆಲು ಹಾಸಿ ನಮ್ಮ ಪದ್ಧತಿ ಕಲಿಸಿದರು. ಆಮೇಲೆ ಆ ಮಬ್ಬು ಕೋಣೆಯಲ್ಲಿ ಇಲ್ಲದ ಎತ್ತು, ಇಲ್ಲದ ಮೀನು ಎಷ್ಟು ಸಲ ಕೈ ಬದಲಾಯಿಸಿದವೋ. ಮೀನು ಮುಟ್ಟದ ನಮ್ಮ ಭಾವ ಟವೆಲಿನ ಕೆಳಗೆ ದೊಡ್ಡ ಮೀನಿನ ವ್ಯಾಪಾರಿಯಾದರು.

ಬೆಳಕಿನ ದಿನ

ಬೆಳಕು ಬಿಡುವಾಗ ನನ್ನನ್ನು ಹೊರಗೆ ಕೂರಿಸಿದರು. ಏನೋ ಸಿಡಿಲು ಹೊಡೆಯುವ ಯಂತ್ರವಿರಬೇಕೆಂದು ಕಿವಿಗೊಟ್ಟೆ. ಒಳಗಿಂದ ಫ್ಯಾನಿನಂಥ ಸದ್ದು ಬಿಟ್ಟರೆ ಏನಿಲ್ಲ. ಚಹಾ ಕಾಸಿ ಕುಡಿಯುವಷ್ಟು ಹೊತ್ತಿಗೆ ಮುಗಿದೇ ಹೋಯಿತು. ಇಷ್ಟು ದೂರ ಬಂದದ್ದು ಇಷ್ಟಕ್ಕೇನಾ ಅಂತ ಒಳಗೇ ಲೆಕ್ಕ ಹಾಕಿದೆ. ಅಕ್ಕನ ಮಾತು ನೆನಪಾಗಿ ಬಾಯಿ ಮುಚ್ಚಿದೆ.

ಊತದ ದಿನ

ಮರುದಿನ ಭಾವನಿಗೆ ಜ್ವರ ಬಂತು. ಉಸಿರು ಸೀಟಿ ಹಾಕತೊಡಗಿತು. ಗಂಟು ಇದ್ದ ಜಾಗ ಒಳಗೆ ಬಾತಿದೆ ಅಂದರು ಇಮ್ತಿಯಾಜ್. ಭಾವ ಮಾತು ಬಿಟ್ಟರು. ಮೀನಜ್ಜ ಕೈ ಚಾಚಿದರೂ ಟವೆಲು ಎತ್ತಲಿಲ್ಲ. ಅಕ್ಕನ ಎದುರು ಹೇಗೆ ನಿಲ್ಲಲಿ ಅನ್ನುವುದೊಂದೇ ನನ್ನ ತಲೆಯಲ್ಲಿ.

ನನ್ನ ಜೇಬಿನಲ್ಲಿ ಒಂದು ಔಷಧವಿತ್ತು. ನಮ್ಮ ಊರಲ್ಲಿ ಮೊಣಕಾಲು ಬಾತರೂ ಕೊಡುತ್ತಾರೆ, ದಮ್ಮು ಹತ್ತಿದರೂ ಕೊಡುತ್ತಾರೆ, ಸಣ್ಣ ಬಿಳಿ ಗುಳಿಗೆ. ಸಂಜೆ ನುಂಗಿದರೆ ಬೆಳಗ್ಗೆ ಊತವಿಲ್ಲ. ಅದನ್ನು ಅಂಗೈಮೇಲೆ ಇಟ್ಟುಕೊಂಡು ನೇರ ಪ್ರೊಫೆಸರ ಎದುರು ನಿಂತು ಇಮ್ತಿಯಾಜರಿಗೆ ಅಂದೆ.

“ಡಾಕ್ಟರ್ ಸಾಬ್, ಇವರಿಗೆ ಹೇಳ್ರಿ. ನಮ್ಮ ಹುಮನಾಬಾದಿನ ಗುಳಿಗಿ ಇದು. ಇವರಿಗೆ ಬೇಕಾದ್ರ ಎಲ್ಲಾ ಇಟ್ಟು ಹೋಗ್ತೀನಿ, ಮುಂದ ಬರೋರಿಗೂ ಉಪಯೋಗ ಆಗ್ತದ.”

ಪ್ರೊಫೆಸರು ಗುಳಿಗೆಯನ್ನು ತಿರುಗಿಸಿ ನೋಡಿದರು, ಹೆಸರು ಓದಿದರು. ಅವರ ಮುಖ ಬಿಗಿಯಿತು. ಅದು ಸ್ಟಿರಾಯ್ಡು ಅಂತ ಇಮ್ತಿಯಾಜ್ ಹೇಳಿದಾಗಲೇ ನನಗೆ ಗೊತ್ತಾದದ್ದು. ಪ್ರೊಫೆಸರು ನನ್ನನ್ನು ಕೂರಿಸಿ, ತಾವೂ ಕೂತು, ನಿಧಾನ ಹೇಳಿದರು. ಇಮ್ತಿಯಾಜ್ ಇಳಿಸುತ್ತ ಹೋದರು.

“ಬೆಳಕು ಗಂಟನ್ನ ಪೂರಾ ತಿಂದು ಹಾಕ್ತದ ಅಂತ ತಿಳಕೋಬ್ಯಾಡ್ರಿ. ಬೆಳಕು ಒಂದಷ್ಟು ಸುಡ್ತದ, ಅದಕ್ಕ ರಕ್ತ ಹೋಗೋ ದಾರಿ ಮುಚ್ಚತದ. ಅಲ್ಲಿಂದ ಮುಂದ ಮೈಯೊಳಗಿನ ಕಾವಲುಗಾರರ ಕೆಲಸ. ಬಿಳಿ ರಕ್ತಕಣ ಅಂತಾರಲ್ಲ, ಅವ್ರೇ. ಈ ಊತ, ಈ ಜ್ವರ ಅಂದ್ರ ಅವ್ರು ಬಂದು ಸೇರಾಕತ್ತಾರ ಅಂತ. ನಿಮ್ಮ ಗುಳಿಗಿ ಕೊಟ್ರ ಊತ ಇಳೀತದ, ಖರೆ. ಯಾಕಂದ್ರ ಅದು ಕಾವಲುಗಾರರನ್ನ ಮನಿಗೆ ಕಳಿಸ್ತದ.”

“ಕಾವಲುಗಾರ್ರು ಇಷ್ಟು ದಿನ ಎಲ್ಲಿ ಸತ್ತಿದ್ರು?” ಅಂದೆ ಸಿಟ್ಟಿನಿಂದ.

“ಇಲ್ಲೇ ಇದ್ರು. ಗಂಟೂ ಮೈಯಾಗ ಹುಟ್ಟಿದ್ದೇ ಅಲ್ಲೇನ್ರಿ, ನಮ್ಮವನೇ ಅಂತ ಸುಮ್ಮನಿದ್ರು.”

ಹಾಸಿಗೆಯಿಂದ ಭಾವನ ದನಿ ಬಂತು, ಸೀಟಿಯ ನಡುವೆ. ಇಡೀ ದಿನದಲ್ಲಿ ಆಡಿದ ಮೊದಲ ಮಾತು. “ಬಣ್ಣಾ ಹಚ್ಚಿದ ಮುದಿ ಎತ್ತು.”

ನನಗೆ ತಿಳಿಯಿತು. ಇಮ್ತಿಯಾಜರಿಗೆ ನಾನೇ ಬಿಡಿಸಿ ಹೇಳಬೇಕಾಯಿತು. ಮುದಿ ಎತ್ತಿಗೆ ಕರಿ ಬಣ್ಣ ಹಚ್ಚಿ, ಕೋಡು ಕೆತ್ತಿ ಎಣ್ಣೆ ಸವರಿ ಬಜಾರಿಗೆ ತರುವವರುಂಟು. ಒಳ್ಳೊಳ್ಳೆಯವರು ಮೋಸ ಹೋಗುತ್ತಾರೆ. ಮಳೆ ಬಿದ್ದು ಬಣ್ಣ ಇಳಿದ ಮೇಲೆ ಗೊತ್ತಾಗುತ್ತದೆ. ಒಮ್ಮೆ ಮೋಸ ಹೋದವನು ಅದೇ ಬಣ್ಣದ ಇನ್ನೊಂದು ಎತ್ತನ್ನು ದೂರದಿಂದಲೇ ಗುರುತು ಹಿಡಿಯುತ್ತಾನೆ.

ಪ್ರೊಫೆಸರು ಇದನ್ನು ಎರಡು ಸಲ ಹೇಳಿಸಿಕೊಂಡರು. ಆಮೇಲೆ ಭಾವನ ಕಡೆ ತಿರುಗಿ ತಲೆ ಬಾಗಿಸಿದರು. ತಮ್ಮ ಅನುಮಾನವೂ ಅದೇ ಅಂದರು. ಬೆಳಕು ಬಣ್ಣ ಇಳಿಸುತ್ತದೆ, ಒಡೆದ ಗಂಟಿನ ಒಳಗಿನದೆಲ್ಲ ಹೊರಗೆ ಚೆಲ್ಲುತ್ತದೆ, ಕಾವಲುಗಾರರು ಅದರ ವಾಸನೆ ಹಿಡಿಯುತ್ತಾರೆ. ಹಾಗೆ ಗುರುತು ಹಿಡಿದರೆ, ಎಲ್ಲೋ ಅಡಗಿರುವ ಚೂರುಪಾರನ್ನೂ ಮುಂದೆ ಅವರೇ ಹುಡುಕಿಯಾರು.

“ಹಿಡಿದ್ರ, ಹುಡಿಕ್ಯಾರು,” ಅಂತ ನಾನು ಆ ಎರಡು ಮಾತನ್ನೇ ಎತ್ತಿ ಹಿಡಿದೆ. “ಗ್ಯಾರಂಟಿ ಇಲ್ಲೇನ್ರಿ?”

ಇಲ್ಲವಂತೆ. ಇಲಿಗಳ ಮೇಲೆ ಪರೀಕ್ಷೆ ಮಾಡುವ ಡಾಕ್ಟರರಿಗೆ ಒಬ್ಬೊಬ್ಬರಿಗೆ ಒಂದೊಂದು ಕಾಣುತ್ತಿದೆಯಂತೆ. ಬೆಳಕಿನಿಂದ ಕಾವಲುಗಾರರು ಎಚ್ಚರಾಗುತ್ತಾರೆಂದು ಕೆಲವರು, ಕೆಲದಿನ ಮಂಕಾಗುತ್ತಾರೆಂದು ಇನ್ನು ಕೆಲವರು. ಮನುಷ್ಯರಲ್ಲಿ ಯಾವುದು ಎಷ್ಟು ಎಂದು ಯಾರಿಗೂ ಇನ್ನೂ ಗೊತ್ತಿಲ್ಲವಂತೆ. ಒಂದೇ ಮಾಲಿಗೆ ಎರಡು ಪೇಟೆಯಲ್ಲಿ ಎರಡು ಧಾರಣೆ. ಇಂಥ ಹೊತ್ತಿನಲ್ಲಿ ಮಾಲು ಕೊಳ್ಳಬೇಡಿ ಅಂತ ನಾನು ಎಷ್ಟು ಜನರಿಗೆ ಹೇಳಿದ್ದೇನೆ! ಈಗ ನಾವೇ ಕೊಂಡು ಕೂತಿದ್ದೆವು.

ಉಸಿರು ಪೂರಾ ಕಟ್ಟಿದರೆ ಬೇಕಾದ ಔಷಧ ನಾವೇ ಕೊಡುತ್ತೇವೆ, ಅಲ್ಲಿಯ ತನಕ ತಾಳಿ ಅಂದರು. ನನ್ನ ಗುಳಿಗೆಗಳು ಅವರ ಕಪಾಟು ಸೇರಿದವು. ಪ್ರೊಫೆಸರು ಮನೆಗೆ ಹೋಗಲಿಲ್ಲ. ಭಾವನ ಮಗ್ಗುಲಿಗೆ ಕುರ್ಚಿ ಹಾಕಿ ಕೂತರು. ಆಮೇಲೆ ನಳಿಕೆ ಬಿಟ್ಟು ಒಳಗೆ ಸತ್ತು ಬಿದ್ದದ್ದನ್ನೆಲ್ಲ ಎಳೆದು ತೆಗೆದರು. ಸೀಟಿ ಕಡಿಮೆಯಾಯಿತು. ಜ್ವರ ಇಳಿಯಿತು. ಭಾವ ಕಣ್ಣು ತೆರೆದು ಕೇಳಿದ ಮೊದಲ ಮಾತು: “ಇವನ ಸಲಹಾ ಯಾರಾದ್ರೂ ಕೇಳಿದ್ರೇನು? ಕೇಳಿಲ್ಲಂದ್ರ ನಾ ಬದುಕ್ತೀನಿ.”

ನಾಡಿ ನೋಡಿದ ದಿನ

ಗುಣ ಕಾಣುತ್ತಿದ್ದಂತೆ ನನಗೆ ಮತ್ತೆ ಆ ಗ್ಯಾರಂಟಿ ಕಾಡತೊಡಗಿತು. ಅಕ್ಕನಿಗೆ ಏನಾದರೂ ಒಂದು ಅಂಕಿ ಬೇಡವೇ? ಹತ್ತರಲ್ಲಿ ಎಷ್ಟು ಪಾಲು ಭರವಸೆ? ಆದರೆ ಭಾವನೆದುರು ಹೇಗೆ ಕೇಳುವುದು? ಹೊರಗೆ ಕರೆದು ಕೇಳಿದರೆ ಅವರಿಗೆ ಅನುಮಾನ ಬರುತ್ತದೆ.

ಪ್ರೊಫೆಸರು ಬಂದಾಗ ನಾನು ಭಾವನ ಟವೆಲನ್ನು ಮೆಲ್ಲಗೆ ಎತ್ತಿ ಅವರ ಕೈಮೇಲೆ ಹಾಸಿದೆ. ಕೆಳಗೆ ಕೈ ತೂರಿಸಿ ಹತ್ತು ಅಂತ ಸನ್ನೆ ಮಾಡಿ, ಇದರಲ್ಲಿ ಎಷ್ಟು ಅಂತ ಹುಬ್ಬು ಎತ್ತಿದೆ. ನಮ್ಮ ಬಜಾರಿನಲ್ಲಿ ಸಣ್ಣ ಹುಡುಗನಿಗೂ ತಿಳಿಯುವ ಮಾತು.

ಪ್ರೊಫೆಸರು ಗಂಭೀರವಾಗಿ ನನ್ನ ಮಣಿಕಟ್ಟು ಹಿಡಿದರು. ಗಡಿಯಾರ ನೋಡಿದರು. ಇಮ್ತಿಯಾಜರಿಗೆ ಏನೋ ಹೇಳಿದರು.

“ನಿಮ್ಮ ನಾಡಿ ಬಹಳ ಜೋರು ಓಡಾಕತ್ತದಂತ್ರಿ. ನಿದ್ದಿ ಮಾಡಬೇಕಂತ. ಪೇಶೆಂಟಿಗಿಂತ ನಿಮ್ಮದೇ ಚಿಂತಿ ಆಗ್ಯದ ಅವರಿಗೆ.”

ಮೀನಜ್ಜ ಮಂಚದ ಮೇಲೆ ಹೊರಳಾಡಿ ನಕ್ಕರು. ಅವರಿಗೆ ಎಲ್ಲ ತಿಳಿದಿತ್ತು. ಭಾವನಿಗೂ ತಿಳಿದಿತ್ತು. ಅವರು ನಗಲಿಲ್ಲ, ಪರದೆಯ ಕಡೆ ಮುಖ ಮಾಡಿದರು. ಪ್ರೊಫೆಸರು ಮೀನಜ್ಜನ ಹತ್ತಿರ ನಿಂತು ತಮ್ಮ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದರು. ನಡುವೆ ಮೀನಜ್ಜ ತಮ್ಮ ಕೈಮೇಲೆ ಹೊದಿಕೆ ಎಳೆದು ಏನನ್ನೋ ತೋರಿಸುತ್ತಿದ್ದರು.

ಆಸ್ಪತ್ರೆಯ ತೋಟ

ಅಲ್ಲಿಯ ಬಿಸಿಲನ್ನು ಕಂಡರೆ ಭಾವನಿಗೆ ತಿರಸ್ಕಾರ. “ಇದು ಬಿಸಿಲೇನೋ? ನಮ್ಮ ಕಡಿ ಬೆಳದಿಂಗಳು ಇದಕ್ಕಿಂತ ಖಡಕ್ ಇರ್ತದ.” ತೋಟದ ನೆರಳಲ್ಲಿ ಕೂತಿದ್ದಾಗ ಬಲಗೈಯ ಕೈಗವಸು ಕಳಚಿ ಕೈಯನ್ನು ಬಿಸಿಲಿಗೆ ಹಿಡಿದರು. ಬೇಡ ಅಂದೆ. ನನ್ನ ಸಲಹೆಯಾದ್ದರಿಂದ ಕೇಳಲಿಲ್ಲ. ಛಲಕ್ಕೆ ನಾನೂ ಪಕ್ಕದಲ್ಲಿ ಕೈ ಚಾಚಿ ಕೂತೆ.

ಸಂಜೆಗೆ ನನ್ನ ಕೈ ಇದ್ದ ಹಾಗೇ ಇತ್ತು. ಅವರ ಮುಂಗೈ ಬಾಣಲಿ ತಾಗಿದಂತೆ ಕೆಂಪಾಗಿ ಉಬ್ಬಿತ್ತು. ಬಜಾರಿನ ಬಿಸಿಲಲ್ಲಿ ತಲೆಗೆ ಏನೂ ಇಲ್ಲದೆ ನಿಂತ ಮನುಷ್ಯ, ಹೊಗೆಯಂಥ ಬಿಸಿಲಿಗೆ ಸುಟ್ಟುಕೊಂಡರು. ನರ್ಸಮ್ಮ ಪಟ್ಟಿ ಕಟ್ಟುವಾಗ ಅವರು ಕೈಯನ್ನೇ ನೋಡುತ್ತಿದ್ದರು. “ಒಳಗ ಗಂಟಿಗೂ ಹಿಂಗೇ ಆಗಿರ್ಬೇಕಲ್ಲೋ,” ಅಂದರು. ದನಿಯಲ್ಲಿ ಖುಷಿ ಇತ್ತು. ಬೆಳಕಿನ ಮೇಲೆ ಅವರಿಗೆ ನಂಬಿಗೆ ಬಂದದ್ದು ಅಂದೇ.

ಬಿಡುವ ದಿನ

ಕೊನೆಗೊಮ್ಮೆ ನಳಿಕೆ ಬಿಟ್ಟು ನೋಡಿದರು. ಗಂಟು ಇದ್ದ ಜಾಗದಲ್ಲಿ ಗಂಟಿಲ್ಲ. ಚಿವುಟಿ ತೆಗೆದು ಪರೀಕ್ಷಿಸಿದ ಚೂರಿನಲ್ಲಿಯೂ ಇಲ್ಲ. ಮರಳಿ ಬಂದೀತೇ ಅನ್ನುವುದು ಮಾತ್ರ ಆ ಕಾವಲುಗಾರರಿಗೆ ಬಿಟ್ಟ ವಿಷಯ.

ಹೊರಡುವಾಗ ಪ್ರೊಫೆಸರು ಬಂದರು. ನನ್ನತ್ತ ನೋಡಿ ಸಣ್ಣಗೆ ನಕ್ಕರು. ಭಾವನ ಹೆಗಲಿನ ಟವೆಲನ್ನು ಎರಡೂ ಕೈಯಿಂದ, ಏನೋ ದೊಡ್ಡ ಸಾಮಾನು ಎತ್ತುವಂತೆ, ಎತ್ತಿಕೊಂಡರು. ನಾನು ಕೈ ಮುಂದೆ ಮಾಡಿದೆ. ಅವರು ನನ್ನನ್ನು ದಾಟಿ ಭಾವನ ಕೈಮೇಲೆ ಅದನ್ನು ಹಾಸಿ, ಕೆಳಗೆ ತಮ್ಮ ಕೈ ಇಟ್ಟರು.

ಬಹಳ ಹೊತ್ತು ಇಬ್ಬರೂ ಹಾಗೇ ಕೂತರು. ನಾನು ಟವೆಲಿನ ಒಂದೊಂದು ಮಡಿಕೆಯನ್ನೂ ನೋಡಿದೆ. ಏನೂ ಅಲುಗಲಿಲ್ಲ. ಭಾವ ತಲೆಯಾಡಿಸಿದರು. ಪ್ರೊಫೆಸರು ಎದ್ದು ಬಾಗಿದರು. ಭಾವನೂ ಬಾಗಿದರು, ಸೊಂಟದ ತನಕ.

ವಿಮಾನ ಏರುವ ಮೊದಲೇ ಕೇಳಿದೆ: “ಎಷ್ಟಂದ್ರು, ಭಾವಾ?”

“ದಲಾಲಿ ಅಂಕಿ ಹೊರಗ ಹಾಕಂಗಿಲ್ಲ.”

ರಾಜೇಶ್ವರ

ಸೊಲ್ಲಾಪುರದ ಕಡೆಯಿಂದ ಬಂದ ಬಸ್ಸು ನಮ್ಮನ್ನು ರಾಜೇಶ್ವರದಲ್ಲಿ ಇಳಿಸಿತು. ಭಾವನಿಗೆ ಅಗಲ ಟೋಪಿ, ಕರಿ ಕನ್ನಡಕ, ಬಿಳಿ ಕೈಗವಸು, ರಿಬ್ಬನ್ನಿನ ಗುರುತು ಉಳಿದ ಛತ್ರಿ. ಚಹಾದಂಗಡಿಯವನು ಎದ್ದು ನಿಂತು “ಬರ್ರಿ ಸಾಹೇಬ್ರ, ಯಾವ ಇಲಾಖೇರಿ?” ಅಂದ. ಟೋಪಿಯ ಕೆಳಗಿಂದ ಬಂದ ಬೈಗಳು ಕೇಳಿದ ಮೇಲೆ ಗುರುತು ಸಿಕ್ಕಿತು.

ಅಕ್ಕ ಗಂಡನನ್ನು ತಲೆಯಿಂದ ಕಾಲಿನ ತನಕ ನೋಡಿ, ಪಟ್ಟಿ ಕಟ್ಟಿದ ಕೈ ಎತ್ತಿ ಹಿಡಿದಳು. “ಇದು ಕಡಿಮಿ ಆಗ್ಯದಲ್ಲ?”

“ಅದು ಅವರೇ ಕಡಿಮಿ ಮಾಡ್ಕೊಂಡ್ರು. ನಾ ಬ್ಯಾಡಂದಿದ್ದೆ,” ಅಂದೆ.

ಬಿಸಿಲಿನ ಪಥ್ಯದಲ್ಲಿ ಉಳಿದಿದ್ದ ದಿನಗಳನ್ನು ಭಾವ ಕತ್ತಲ ಕೋಣೆಯಲ್ಲಿ ಕಳೆದರು. ಆಮೇಲೆ ಹೈದರಾಬಾದಿನಲ್ಲಿ ನಳಿಕೆ ಬಿಟ್ಟು ನೋಡಿದರು, ಏನಿಲ್ಲ ಅಂದರು. ಕೆಲ ತಿಂಗಳ ಮೇಲೆ ಮತ್ತೆ ನೋಡಿದರು, ಆಗಲೂ ಏನಿಲ್ಲ. ನಾನು ಮಾತ್ರ ಅಂಗಡಿ ಮುಚ್ಚಿದ ದಿನವೆಲ್ಲ ರಾಜೇಶ್ವರಕ್ಕೆ ಹೋಗಿ ಕೇಳುತ್ತಲೇ ಇದ್ದೆ. ಐದೇ? ಏಳೇ? ಮುಖ ನೋಡಿ ತಿಳಿಯಬಹುದೇ ಅಂತ ಒಂದೊಂದೇ ಅಂಕಿ ಹೇಳಿ ನೋಡಿದೆ. ಅವರು ಬೀಡಿಯ ಬದಲು ಬಡೇಸೋಪು ಅಗಿಯುತ್ತ ಎತ್ತಿನ ಮಾತು ತೆಗೆಯುತ್ತಿದ್ದರು.

ಜಪಾನಿನಿಂದ ಬಂದಮೇಲೆ ಮೊನ್ನೆ ಭಾವ ಮೊದಲ ಸಲ ಹುಮನಾಬಾದಿನ ದನದ ಬಜಾರಿಗೆ ಬಂದರು. ತಲೆಗೆ ಟೋಪಿ ಇಲ್ಲ, ಹೆಗಲ ಮೇಲೆ ಟವೆಲು. ನಡು ಬಿಸಿಲಲ್ಲಿ ನನ್ನನ್ನು ಕರೆದರು.

“ಕೈ ಕೊಡು ಸಾವ್ಕಾರ.”

ಟವೆಲು ಹಾಸಿದರು. ನಾನು ಬೆರಳಿಗೆ ಕಾದೆ. ಅವರು ಯಾವ ಬೆರಳನ್ನೂ ಹಿಡಿಯಲಿಲ್ಲ. ನನ್ನ ಇಡೀ ಕೈಯನ್ನು ತಮ್ಮ ಕೈಯೊಳಗೆ ಮುಚ್ಚಿ ಹಿಡಿದು ಕೂತರು.

“ಅಂಕಿ?”

“ಅಂಕಿ ಇಲ್ಲ. ಹಿಂಗೇ ಹಿಡಿದ್ರು ನೋಡು. ಗೊತ್ತಿಲ್ಲ ಅನ್ನೋದನ್ನ ಇಷ್ಟು ಸ್ವಚ್ಛ ಹೇಳಿದ ವ್ಯಾಪಾರಿನ್ನ ನಾ ಈ ಬಜಾರದಾಗ ಕಂಡಿಲ್ಲ.”

“ಮತ್ತ ಇಷ್ಟು ದಿನ ಯಾಕ ಮುಚ್ಚಿಟ್ರಿ?”

“ಹೇಳಿದ್ರ ನೀ ಬರೋದು ಬಿಡ್ತಿದ್ದಿ.”

ಪಕ್ಕದಲ್ಲಿ ಎತ್ತು ಹಿಡಿದು ನಿಂತಿದ್ದ ದುಬಲಗುಂಡಿಯ ರೈತನಿಗೆ ತಡೆಯಲಾಗಲಿಲ್ಲ. ನಮ್ಮ ಟವೆಲನ್ನೇ ನೋಡುತ್ತಿದ್ದವನು, “ಎಷ್ಟಕ್ಕ ಮುಗೀತ್ರಿ ಸೌದಾ?” ಅಂದ.

ಭಾವ ಟವೆಲು ಝಾಡಿಸಿ ಹೆಗಲಿಗೆ ಹಾಕಿಕೊಂಡರು.

“ಮುಗದಿಲ್ಲಪಾ,” ಅಂದರು. “ಇನ್ನೂ ನಡದದ.”